ರಕ್ತದ ಪ್ರೋಟೀನಿಗೆ ಸಕ್ಕರೆಯ ಕಾವಲು

ಸಕ್ಕರೆ ಎಂದೊಡನೆ ನಮಗೆ ನೆನಪಾಗುವುದು ಮಧುಮೇಹ. ರಕ್ತಕ್ಕೂ ಸಕ್ಕರೆಗೂ ಇರುವ ನಂಟೆಲ್ಲ ರೋಗದ ನಂಟೆಂದೇ ಬಹುಜನರ ಭಾವನೆ. ಆದರೆ ನಾವು ಉಣ್ಣುವ ಸಕ್ಕರೆಯಲ್ಲದೆ, ಜೀವಕೋಶಗಳೇ ಕ್ರಮವರಿತು ಪ್ರೋಟೀನುಗಳಿಗೆ ಜೋಡಿಸುವ ಶರ್ಕರ ಸರಪಳಿಗಳೂ ನಮ್ಮ ರಕ್ತದಲ್ಲಿವೆ. ಗಾಯವಾದಾಗ ರಕ್ತ ಬೇಗ ನಿಲ್ಲುವುದೋ, ಹರಿಯುತ್ತಲೇ ಇರುವುದೋ ಎಂಬುದರಲ್ಲಿ ಅವುಗಳಿಗೂ ಪಾತ್ರವಿದೆ. ಈ ವಿಷಯವನ್ನು ವೈದ್ಯರು ಮಾತ್ರವಲ್ಲ, ಹೆಣ್ಣುಮಕ್ಕಳಿರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.

1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರು ಓಲಂಡ್ ದ್ವೀಪಗಳ ಒಂದು ಕುಟುಂಬದ ರಕ್ತಸ್ರಾವ ರೋಗವನ್ನು ವರದಿ ಮಾಡಿದರು. ಅವರ ಬಳಿಗೆ ಬಂದಿದ್ದ ಐದು ವರ್ಷದ ಬಾಲಕಿ ಮುಂದೆ ಹದಿಹರೆಯದಲ್ಲಿ, ತನ್ನ ನಾಲ್ಕನೆಯ ಋತುಸ್ರಾವದಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಆಕೆಯಲ್ಲಿ ಕೊರತೆಯಾಗಿದ್ದ ಪ್ರೋಟೀನಿಗೆ ಇಂದು ಆ ವೈದ್ಯರ ಹೆಸರೇ ಇದೆ.

ವಾನ್ ವಿಲ್ಲೆಬ್ರಾಂಡ್ ಅಂಶವು ರಕ್ತನಾಳದ ಒಳಪದರದಲ್ಲಿ ತಯಾರಾಗುವ ಉದ್ದನೆಯ ಪ್ರೋಟೀನು. ನಾಳ ಹರಿದಾಗ ಇದು ಗಾಯದ ಅಂಚಿಗೆ ಅಂಟಿಕೊಂಡು, ರಭಸದಿಂದ ಹರಿಯುವ ರಕ್ತದೊಳಗಿನ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಂಶವನ್ನು ಹೊತ್ತು ಕಾಪಾಡುವುದೂ ಇದೇ. ಇದರ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಸಕ್ಕರೆಯದು.

ಆ ಸಕ್ಕರೆ ಅಲಂಕಾರಕ್ಕಾಗಿ ಇರುವುದಲ್ಲ. ಸರಪಳಿಗಳ ತುದಿಯಲ್ಲಿ ಸಯಾಲಿಕ್ ಆಮ್ಲವೆಂಬ ಮುಚ್ಚಳವಿರುತ್ತದೆ. ಅದು ಕಳಚಿದರೆ ಕೆಳಗಿನ ಸಕ್ಕರೆ ಬಯಲಾಗಿ, ಯಕೃತ್ತು ಅದನ್ನು ಗುರುತಿಸಿ ಪ್ರೋಟೀನನ್ನು ರಕ್ತದಿಂದ ಹೊರತೆಗೆಯುತ್ತದೆ. ಇನ್ನೂ ಸೋಜಿಗದ ಸಂಗತಿಯೆಂದರೆ, ನಮ್ಮ ರಕ್ತದ ಗುಂಪನ್ನು ನಿರ್ಧರಿಸುವ ಸಕ್ಕರೆಗಳು ಕೆಂಪು ಕಣಗಳ ಮೇಲಷ್ಟೇ ಅಲ್ಲ, ಈ ಪ್ರೋಟೀನಿನ ಮೇಲೂ ಇವೆ. ಎ ಮತ್ತು ಬಿ ಗುಂಪಿನವರಲ್ಲಿ ಸರಪಳಿಯ ತುದಿಗೆ ಒಂದೊಂದು ಹೆಚ್ಚಿನ ಸಕ್ಕರೆ ಸೇರಿರುತ್ತದೆ. ಒ ಗುಂಪಿನವರಲ್ಲಿ ಅದಿಲ್ಲ. ಅಷ್ಟರಿಂದಲೇ ಅವರಲ್ಲಿ ಈ ಪ್ರೋಟೀನು ಬೇಗನೆ ರಕ್ತದಿಂದ ಮರೆಯಾಗಿ, ಅದರ ಮಟ್ಟ ಸರಾಸರಿ ಶೇಕಡಾ 25ರಷ್ಟು ಕಡಿಮೆಯಿರುತ್ತದೆ. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ‘ಬಾಂಬೆ’ ಗುಂಪಿನವರಲ್ಲಿ ಇನ್ನೂ ಒಂದು ಸಕ್ಕರೆ ಇಲ್ಲವಾದ್ದರಿಂದ ಮಟ್ಟ ಮತ್ತಷ್ಟು ಕೆಳಗಿರುತ್ತದೆ.

ಇದನ್ನೋದಿ ಒ ಗುಂಪಿನವರು ಅಂಜಬೇಕಾಗಿಲ್ಲ. ಅವರಲ್ಲಿ ಬಹುಪಾಲು ಜನ ಪೂರ್ಣ ಆರೋಗ್ಯವಂತರು. ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಅವರಿಗೆ ಉಳಿದವರಿಗಿಂತ ಕಡಿಮೆಯೇ. ನನ್ನ ಆಕ್ಷೇಪವಿರುವುದು ಇದಕ್ಕೆ ವಿರುದ್ಧವಾದ ಧೋರಣೆಯ ಬಗ್ಗೆ. ರಕ್ತಸ್ರಾವದಿಂದ ಬಳಲುವವರಿಗೂ “ನಿಮ್ಮದು ಒ ಗುಂಪು, ಮಟ್ಟ ಕಡಿಮೆಯಿರುವುದು ಸಹಜ” ಎಂದು ಹೇಳಿ ಕಳುಹಿಸುವುದು ತಪ್ಪು. ಕಾರಣ ಸಹಜವಾದ ಮಾತ್ರಕ್ಕೆ ಕಷ್ಟ ಸಹಜವಾಗುವುದಿಲ್ಲ. ಗುಂಪು ಯಾವುದೇ ಇರಲಿ, ಹರಿಯುವ ರಕ್ತವನ್ನು ನೋಡಿ ನಿರ್ಧರಿಸಬೇಕು.

ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಅಡ್ಡಿ ಮೌನ. ಮಗಳಿಗೆ ಮುಟ್ಟು ಏಳು ದಿನ ದಾಟಿದರೂ, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೂ “ಉಷ್ಣವಾಗಿದೆ”, “ಮದುವೆಯಾದರೆ ಸರಿಹೋಗುತ್ತದೆ” ಎಂದು ಸುಮ್ಮನಾಗುತ್ತೇವೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗಿಸುತ್ತೇವೆ. ರಕ್ತ ಏಕೆ ಸೋರುತ್ತಿದೆ ಎಂದು ಕೇಳುವುದಿಲ್ಲ. ತೂತಾದ ಕೊಡಕ್ಕೆ ನೀರು ಸುರಿದಂತೆ ಇದು.

ಮೂಗಿನಿಂದ ಪದೇ ಪದೇ ರಕ್ತ ಬಂದು ಹತ್ತು ನಿಮಿಷವಾದರೂ ನಿಲ್ಲದಿರುವುದು, ಹಲ್ಲು ಕೀಳಿಸಿದ ಮೇಲೆ ದಿನಗಟ್ಟಲೆ ಒಸರುವುದು, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಹೆರಿಗೆಯ ನಂತರ ಅತಿಯಾದ ಸ್ರಾವ – ಇವು ತಾಯಿ, ಅಕ್ಕತಂಗಿಯರಲ್ಲೂ ಇದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಸಾಮಾನ್ಯ ಪರೀಕ್ಷೆಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯೂ ಹೆಪ್ಪುಗಟ್ಟುವ ಸಮಯವೂ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಈ ಅಂಶವನ್ನೇ ಅಳೆಯುವ ಪರೀಕ್ಷೆಯ ಬಗ್ಗೆ ಕೇಳಬೇಕು. ಭಯ, ಆಯಾಸ, ಗರ್ಭಧಾರಣೆಗಳಲ್ಲಿ ಇದರ ಮಟ್ಟ ಏರುವುದರಿಂದ ಒಮ್ಮೆಯ ಫಲಿತಾಂಶವನ್ನೇ ನಂಬುವಂತಿಲ್ಲ. ಅಂಥವರು ತಾವಾಗಿಯೇ ಆಸ್ಪಿರಿನ್ ನುಂಗಬಾರದು. ದೋಷ ಗೊತ್ತಾದರೆ ಡೆಸ್ಮೊಪ್ರೆಸಿನ್, ಟ್ರಾನೆಕ್ಸಾಮಿಕ್ ಆಮ್ಲದಂತಹ ಔಷಧಿಗಳಿವೆ. ಶಸ್ತ್ರಚಿಕಿತ್ಸೆಗೂ ಹೆರಿಗೆಗೂ ಮುಂಚಿತವಾಗಿ ಸಿದ್ಧರಾಗಬಹುದು.

ಓಲಂಡಿನ ಆ ಬಾಲಕಿಯ ಕಾಲದಲ್ಲಿ ಈ ಅರಿವೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಇಂದು ಎರಡೂ ಇವೆ. ಮಗಳು ಹೇಳಲು ಸಂಕೋಚಪಟ್ಟರೆ ತಾಯಿ ಕೇಳಲಿ. ತಾಯಿ ಸಂಕೋಚಪಟ್ಟರೆ ವೈದ್ಯರೇ ಕೇಳಲಿ.