ಹೇಳಿಕೊಳ್ಳಲಾಗದ ತುರಿಕೆ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಈಗ ಅವನಿಗೆ ನಲವತ್ತು ದಾಟಿದೆ. ಲಾರಿಯಲ್ಲಿ ಸರಕು ಸಾಗಿಸುವ ವೃತ್ತಿ. ಕಾಫಿ ಕುಡಿದು, ಮಕ್ಕಳ ಓದಿನ ವಿಷಯ ಮಾತನಾಡಿ, ಹೊರಡಲೆಂದು ಚಪ್ಪಲಿ ಮೆಟ್ಟಿದವನು ಮತ್ತೆ ಒಳಗೆ ಬಂದನು. ನನ್ನ ಪತ್ನಿ ಅಡುಗೆಮನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು, "ಮೇಷ್ಟ್ರೇ, ತೊಡೆಯ ಸಂದಿನಲ್ಲಿ ಒಂದೂವರೆ ವರ್ಷದಿಂದ ತುರಿಕೆ. ಯಾರಿಗೂ ಹೇಳಿಲ್ಲ" ಎಂದನು. ನಾನು ವೈದ್ಯನಲ್ಲ, ಜೀವಶಾಸ್ತ್ರ ಪಾಠ ಮಾಡಿದವನು ಅಷ್ಟೆ. ಹೆಂಡತಿಗೂ ಹೇಳದ ಮಾತನ್ನು ಅವನು ಮೇಷ್ಟ್ರ ಮುಂದೆ ಹೇಳಿದ್ದನು.

ಜೇಬಿನಿಂದ ಒಂದು ಟ್ಯೂಬನ್ನು ತೆಗೆದು ತೋರಿಸಿದನು. ಔಷಧದಂಗಡಿಯಲ್ಲಿ ಪಿಸುದನಿಯಲ್ಲಿ ಕೇಳಿ ಪಡೆದದ್ದು. ಕನ್ನಡಕ ಹಾಕಿಕೊಂಡು ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿದೆ. ಶಿಲೀಂಧ್ರನಾಶಕವೊಂದು, ಬ್ಯಾಕ್ಟೀರಿಯಾ ನಾಶಕವೊಂದು, ಜೊತೆಗೆ ಕ್ಲೋಬೆಟಸಾಲ್ ಎಂಬ ಬಹು ಪ್ರಬಲವಾದ ಸ್ಟೀರಾಯ್ಡ್. "ಹಚ್ಚಿದ ಎರಡೇ ದಿನಕ್ಕೆ ಮಾಯವಾಗುತ್ತದೆ ಮೇಷ್ಟ್ರೇ, ಬಿಟ್ಟ ವಾರದೊಳಗೆ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ" ಎಂದನು. ರೋಗದ ಕಥೆಯೆಲ್ಲ ಆ ಒಂದು ವಾಕ್ಯದಲ್ಲಿಯೇ ಇತ್ತು.

ಇಂತಹ ವಿಷಯವನ್ನು ಬಹಿರಂಗವಾಗಿ ಬರೆಯುವುದು ಉಚಿತವೇ ಎಂದು ಬಂಧುಗಳಲ್ಲಿ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಹುಳುಕಡ್ಡಿ, ಗಜಕರ್ಣ ಎಂದು ನಾವು ಕರೆಯುವ ರೋಗವೇ ತೊಡೆಸಂದಿಗೆ ಬಂದರೆ ಈ ತುರಿಕೆ. ಕಾರಣ ಹುಳುವಲ್ಲ, ಚರ್ಮದ ಹೊರಪದರದ ಕೆರಾಟಿನ್ ತಿಂದು ಬದುಕುವ ಶಿಲೀಂಧ್ರ. ಬೆಚ್ಚಗೆ, ತೇವವಾಗಿ, ಗಾಳಿಯಾಡದೆ ಇರುವ ಸ್ಥಳ ಅದಕ್ಕೆ ಸ್ವರ್ಗ. ಅಂಚು ಕೆಂಪಾಗಿ ಉಬ್ಬಿ, ನಡುಭಾಗ ತಿಳಿಯಾಗುತ್ತ, ಉಂಗುರದಂತೆ ಹರಡುತ್ತದೆ. ನಡತೆಗೂ ಇದಕ್ಕೂ ಸಂಬಂಧವಿಲ್ಲ. ಬೆವರುವ ಯಾವ ಸಜ್ಜನನಿಗೂ ಬರಬಹುದು. ಸಕ್ಕರೆ ಕಾಯಿಲೆಯವರಿಗೆ, ಸ್ಥೂಲಕಾಯರಿಗೆ ಇನ್ನಷ್ಟು ಸುಲಭವಾಗಿ ಬರುತ್ತದೆ.

ಸ್ಟೀರಾಯ್ಡ್ ಮಾಡುವುದೇನೆಂದರೆ, ಶಿಲೀಂಧ್ರದ ವಿರುದ್ಧ ಚರ್ಮ ಹೂಡಿದ ಹೋರಾಟವನ್ನು ತಣ್ಣಗಾಗಿಸುವುದು. ಕೆಂಪು, ಉರಿ, ತುರಿಕೆ ಎಲ್ಲವೂ ಆ ಹೋರಾಟದ ಲಕ್ಷಣಗಳಾದ್ದರಿಂದ ಅವು ಅಡಗುತ್ತವೆ. ರೋಗಿಗೆ ಸಮಾಧಾನ, ಶಿಲೀಂಧ್ರಕ್ಕೆ ಹಬ್ಬ. ಕಾವಲುಗಾರನಿಗೆ ನಿದ್ದೆಯ ಗುಳಿಗೆ ಕೊಟ್ಟು, ಈಗ ಬೊಗಳುವ ಸದ್ದಿಲ್ಲ, ಆದ್ದರಿಂದ ಕಳ್ಳನೂ ಇಲ್ಲ ಎಂದು ತಿಳಿದ ಹಾಗೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಯ ತೆಳುಚರ್ಮ ಇನ್ನೂ ತೆಳುವಾಗಿ, ಬಸಿರಿನ ಗೆರೆಗಳಂತಹ ಗೆರೆಗಳು ಮೂಡುತ್ತವೆ. ಅವು ಅಳಿಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರವು ಸ್ಟೀರಾಯ್ಡ್ ಇರುವ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಅಂಗಡಿಯವನನ್ನು ಮಾತ್ರ ಬೈದು ಸುಮ್ಮನಾಗಲು ನನಗೆ ಮನಸ್ಸಾಗದು. ಪಿಸುದನಿಯಲ್ಲಿ ಕೇಳುವವನಿಗೆ ಪಿಸುದನಿಯಲ್ಲಿಯೇ ಉತ್ತರ ಸಿಗುತ್ತದೆ. ಆ ಪಿಸುದನಿಯನ್ನು ಕಲಿಸಿದವರು ನಾವು. ಮಲೆನಾಡಿನ ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದೆ. ಉಗುರು ನೋಡಿದೆ, ಹಲ್ಲು ನೋಡಿದೆ, ತಲೆಯ ಹೇನನ್ನೂ ನೋಡಿದೆ. ಮಳೆಗಾಲದಲ್ಲಿ ಹಾಸ್ಟೆಲಿನ ಹುಡುಗರು ಎರಡೇ ಜೊತೆ ಒಳಉಡುಪಿನಲ್ಲಿ, ಒಣಗದ್ದನ್ನೇ ತೊಟ್ಟು ತರಗತಿಗೆ ಬರುತ್ತಿದ್ದರೆಂಬುದು ನನಗೆ ತಿಳಿದಿತ್ತು. ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬೆಂಚಿನ ಮೇಲೆ ಒಂದೇ ಸಮನೆ ಮಿಸುಕಾಡುತ್ತಿದ್ದ ಹುಡುಗನೊಬ್ಬನನ್ನು ಒಮ್ಮೆ ಇಡೀ ಅವಧಿ ನಿಲ್ಲಿಸಿದ್ದೆ. ಅವನೇಕೆ ಮಿಸುಕಾಡುತ್ತಿದ್ದನೆಂದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ.

ಬ್ರಿಟಿಷರು ಈ ರೋಗಕ್ಕೆ 'ಧೋಬಿ ಇಚ್' ಎಂದು ಹೆಸರಿಟ್ಟಿದ್ದರು. ಅಗಸನ ಮನೆಯಿಂದ ಬಟ್ಟೆಯೊಡನೆ ಬರುತ್ತದೆಂಬ ಗುಮಾನಿ. ನಮ್ಮೂರಿನ ಅಗಸರು ಬಟ್ಟೆಯನ್ನು ಉಬ್ಬೆ ಹಾಕಿ, ಹೊಳೆಯ ಬಂಡೆಯ ಮೇಲೆ ಒಗೆದು, ರಣಬಿಸಿಲಿನಲ್ಲಿ ಹರವುತ್ತಿದ್ದರು. ಶಿಲೀಂಧ್ರವನ್ನು ಕೊಲ್ಲಲು ಅದಕ್ಕಿಂತ ಉತ್ತಮ ಉಪಾಯವಿಲ್ಲ. ದೊರೆಗಳ ಬೆವರಿಗೆ ಬಡವನ ಮೇಲೆ ಅಪವಾದ!

ಆ ಉಬ್ಬೆಯ ವಿವೇಕವೇ ಇಂದಿಗೂ ಬೇಕಾದದ್ದು. ಒಳಉಡುಪು, ಟವೆಲ್ಲು, ಲುಂಗಿಗಳನ್ನು ದಿನವೂ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಬೇಕು. ನಮ್ಮ ಮನೆಗಳಲ್ಲಿ ಹೆಂಗಸರ ಒಳಉಡುಪನ್ನು ಸೀರೆಯ ಮರೆಯಲ್ಲಿ, ಬಚ್ಚಲಿನ ಕತ್ತಲಲ್ಲಿ ಒಣಹಾಕುವ ಪದ್ಧತಿಯಿದೆ. ಮರ್ಯಾದೆಯ ಹೆಸರಿನಲ್ಲಿ ರೋಗವನ್ನು ಸಾಕಿದಂತೆ. ಸ್ನಾನದ ನಂತರ ಸಂದುಗಳ ನೀರನ್ನು ಒತ್ತಿ ಒರೆಸಿ, ಒಂದೆರಡು ನಿಮಿಷ ಗಾಳಿಗೆ ಬಿಟ್ಟು, ಬಳಿಕ ಸಡಿಲವಾದ ಹತ್ತಿಯ ಉಡುಪು ತೊಡಬೇಕು. ಮೈಗಂಟುವ ಜೀನ್ಸನ್ನು ಯುವಕರು ಮಳೆಗಾಲದಲ್ಲಾದರೂ ಬಿಡಲಿ. ಕಾಲ್ಬೆರಳ ಸಂದಿನಲ್ಲಿ ಇದೇ ಶಿಲೀಂಧ್ರವಿದ್ದವರು ಕಾಲುಚೀಲವನ್ನು ಮೊದಲು ಹಾಕಿಕೊಂಡು ಅನಂತರ ಒಳಉಡುಪು ಹಾಕಬೇಕು. ಇಲ್ಲವಾದರೆ ಪಾದದ ರೋಗ ಉಡುಪಿನೊಡನೆ ಮೇಲೇರುತ್ತದೆ. ಇದು ಬಹಳ ಜನರಿಗೆ ತಿಳಿಯದು. ಹಾಗೆಂದು ಸೋಪು ಹಾಕಿ ತಿಕ್ಕುವುದು, ನಿಂಬೆರಸ, ಸೀಮೆಎಣ್ಣೆ, ಡೆಟಾಲ್ ಸುರಿಯುವುದು ಬೇಡ. ಚರ್ಮ ಸುಟ್ಟೀತು, ಶಿಲೀಂಧ್ರ ಉಳಿದೀತು.

ಶುಚಿತ್ವದಿಂದ ರೋಗ ದೂರವಿರುತ್ತದೆ, ಬಂದದ್ದು ಮರುಕಳಿಸದು. ಬೇರೂರಿದ ರೋಗ ಅದೊಂದರಿಂದಲೇ ಹೋಗದು. ಔಷಧ ಬೇಕು, ಚರ್ಮವೈದ್ಯರೇ ಬೇಕು. ಅವರು ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ತುರಿಕೆಯೆಲ್ಲ ಶಿಲೀಂಧ್ರವಲ್ಲವಷ್ಟೆ. ತುರಿಕೆ ನಿಂತೊಡನೆ ಔಷಧ ನಿಲ್ಲಿಸಬಾರದು. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ರಜೆಗೆ ಬಂದವರು ಇಲ್ಲಿಯ ಟ್ಯೂಬುಗಳನ್ನು ಹಪ್ಪಳ ಸಂಡಿಗೆಗಳ ನಡುವೆ ಕಟ್ಟಿಕೊಂಡು ಹೋಗುವುದನ್ನು ನಾನು ಬಲ್ಲೆ. 2020ರಲ್ಲಿ ಜಪಾನಿನ ಸಂಶೋಧಕರು ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗದ ಶಿಲೀಂಧ್ರವೊಂದನ್ನು ವಿವರಿಸಿ, 'ಟ್ರೈಕೊಫೈಟಾನ್ ಇಂಡೋಟಿನಿಯೆ' ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ನಮ್ಮ ದೇಶವಿದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಅದು ಪತ್ತೆಯಾಯಿತು. ಅವರಲ್ಲೊಬ್ಬರು ಈಚೆಗೆ ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ. ಇಂತಹ ಶಿಲೀಂಧ್ರ ಹಬ್ಬುವಲ್ಲಿ ಸ್ಟೀರಾಯ್ಡ್ ಬೆರೆತ ಈ ಲೇಪಗಳ ಪಾಲೂ ಇದೆಯೆಂದು ಚರ್ಮತಜ್ಞರು ಶಂಕಿಸುತ್ತಾರೆ.

ನನ್ನ ವಿದ್ಯಾರ್ಥಿಯನ್ನು ಮರುದಿನ ನಾನೇ ಜೊತೆಗೂಡಿ ಜಿಲ್ಲಾ ಕೇಂದ್ರದ ಚರ್ಮವೈದ್ಯರ ಬಳಿಗೆ ಕರೆದೊಯ್ದೆ. ಸ್ಟೀರಾಯ್ಡ್ ಬಿಟ್ಟ ಮೊದಲ ಹತ್ತು ದಿನ ತುರಿಕೆ ಕೆರಳಿ, ಅವನು ರಾತ್ರಿ ನಿದ್ದೆಯಿಲ್ಲದೆ ಫೋನು ಮಾಡುತ್ತಿದ್ದನು. ಬಳಿಕ ಮೆಲ್ಲನೆ ಇಳಿಯಿತು. ಎರಡು ತಿಂಗಳು ದಾಟಿದ ಮೇಲೆ ಬಂದಾಗ ಹೆಂಡತಿಯನ್ನೂ ಕರೆತಂದಿದ್ದನು. ಆಕೆಗೂ ಒಂದು ವರ್ಷದಿಂದ ಇತ್ತಂತೆ, ಆಕೆಯೂ ಹೇಳಿರಲಿಲ್ಲ.