ವಾಲ್ವಿನ ಅಳತೆ: ಕೊಳವೆ ನೋಡಿಯೋ, ಹರಿವು ನೋಡಿಯೋ?

ಹನಿ ನೀರಾವರಿ ಅಳವಡಿಸುವ ರೈತರು ಪಂಪು, ಕೊಳವೆ, ಡ್ರಿಪ್ಪರುಗಳ ಆಯ್ಕೆಯಲ್ಲಿ ಸಾಕಷ್ಟು ವಿಚಾರ ಮಾಡುತ್ತಾರೆ. ವಾಲ್ವಿನ ಮಾತು ಬಂದಾಗ ಮಾತ್ರ, ಕೊಳವೆ ಎರಡು ಅಂಗುಲವಾದರೆ ವಾಲ್ವೂ ಎರಡು ಅಂಗುಲದ್ದೇ ಇರಲಿ ಎಂದು ಕೊಂಡು ತರುವುದು ರೂಢಿ. ನೀರು ಬಿಡಲು, ನಿಲ್ಲಿಸಲು ಇದು ಸರಿಯೇ. ಹರಿವನ್ನು ಹದಗೊಳಿಸಲು ಈ ರೂಢಿ ಸಲ್ಲದು ಎಂಬುದು ನಮ್ಮ ಅಭಿಪ್ರಾಯ.

ಇಳಿಜಾರಿನ ತೋಟವೊಂದನ್ನು ತೆಗೆದುಕೊಳ್ಳೋಣ. ಕೆಳಗಿನ ತಾಕು ಮೇಲಿನದಕ್ಕಿಂತ 5 ಮೀಟರ್ ತಗ್ಗಿನಲ್ಲಿದೆ. 10 ಮೀಟರ್ ನೀರಿನ ಎತ್ತರವೆಂದರೆ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡ. ಎರಡು ತಾಕಿಗೂ ಒಟ್ಟಿಗೆ ನೀರು ಬಿಟ್ಟಾಗ ಮೇಲೆ 1 ಕಿಲೋ ಒತ್ತಡವಿದ್ದರೆ ಕೆಳಗೆ ಸುಮಾರು ಒಂದೂವರೆ ಕಿಲೋ ಇರುತ್ತದೆ. ಸಾಮಾನ್ಯ ಡ್ರಿಪ್ಪರಿನ ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ, ಮೇಲಿನ ಡ್ರಿಪ್ಪರು ಗಂಟೆಗೆ 4 ಲೀಟರ್ ಕೊಟ್ಟರೆ ಕೆಳಗಿನದು ಸುಮಾರು 4.9 ಲೀಟರ್ ಕೊಡುತ್ತದೆ. ಮೇಲಿನ ಗಿಡಗಳು ಬಾಡದಿರಲೆಂದು ಪಂಪು ನಡೆಸುವ ಹೊತ್ತು ಹೆಚ್ಚಿಸಿದರೆ ಕೆಳಗೆ ನೀರು ಅತಿಯಾಗಿ, ಕೊಟ್ಟ ಗೊಬ್ಬರವೂ ಬೇರಿನಿಂದಾಚೆಗೆ ಬಸಿದುಹೋಗುತ್ತದೆ.

ಆ ಹೆಚ್ಚಿನ ಅರ್ಧ ಕಿಲೋ ಒತ್ತಡವನ್ನು ಕೆಳಗಿನ ತಾಕಿನ ವಾಲ್ವೇ ತಗ್ಗಿಸಬೇಕು. ಅಲ್ಲಿ 1,500 ಡ್ರಿಪ್ಪರುಗಳಿದ್ದರೆ ಬೇಕಾದ ನೀರು ಗಂಟೆಗೆ 6,000 ಲೀಟರ್. ಇಷ್ಟು ನೀರಿಗೆ ಪೂರ್ತಿ ತೆರೆದ ಎರಡಂಗುಲದ ಬಾಲ್ ವಾಲ್ವಿನಲ್ಲಿ ಒತ್ತಡ ಹೆಸರಿಗಷ್ಟೇ ಇಳಿಯುತ್ತದೆ. ಬಹುಪಾಲು ಮುಚ್ಚಿದ ಮೇಲೆಯೇ ಹಿಡಿತ ಸಿಗುವುದು. ಆಗ ಹಿಡಿ ತುಸು ತಿರುಗಿದರೂ ಹರಿವು ಏರುಪೇರಾಗುತ್ತದೆ. ಕಿರುಸಂದಿಯಲ್ಲಿ ರಭಸದಿಂದ ನುಗ್ಗುವ ನೀರು ವಾಲ್ವಿನ ಒಳಭಾಗವನ್ನು ಸವೆಸಿ, ಕ್ರಮೇಣ ಮುಚ್ಚಿದರೂ ಸೋರುವಂತೆ ಮಾಡುತ್ತದೆ.

ಆದುದರಿಂದ ಹದಗೊಳಿಸುವ ಜಾಗಕ್ಕೆ ಗ್ಲೋಬ್ ವಾಲ್ವ್ ಸೂಕ್ತ. ಹರಿಯಬೇಕಾದ ನೀರು ಮತ್ತು ತಗ್ಗಿಸಬೇಕಾದ ಒತ್ತಡ, ಇವೆರಡರಿಂದಲೇ ಅದರ ಅಳತೆಯನ್ನು ನಿರ್ಧರಿಸಬೇಕು. ಅನೇಕ ಸಲ ಅದು ಕೊಳವೆಗಿಂತ ಒಂದೆರಡು ಅಳತೆ ಕಿರಿದಾಗುತ್ತದೆ. ರೆಡ್ಯೂಸರ್ ಹಾಕಿ ಜೋಡಿಸಬಹುದು. ವಾಲ್ವು ಸುಮಾರು ಅರ್ಧದಿಂದ ಮುಕ್ಕಾಲು ಭಾಗ ತೆರೆದಿರುವಾಗ ಬೇಕಾದ ಹರಿವು ದೊರೆತರೆ ಅಳತೆ ಸರಿಯಾಗಿದೆ ಎಂದು ತಿಳಿಯಬೇಕು.

ವಾಲ್ವು ಚಿಕ್ಕದಾದರೆ ಪಂಪಿನ ಶಕ್ತಿ ವ್ಯರ್ಥವಲ್ಲವೇ ಎಂದು ಕೆಲವರು ಕೇಳಬಹುದು. ಮೇಲಿನ ತಾಕಿನ ಮಟ್ಟಿಗೆ ಈ ಮಾತು ನಿಜ. ಅಲ್ಲಿ ತಗ್ಗಿಸಲು ಹೆಚ್ಚಿನ ಒತ್ತಡವೇ ಇಲ್ಲ. ಕೊಳವೆಯ ಅಳತೆಯ ವಾಲ್ವೇ ಇರಲಿ. ಕೆಳಗಿನ ತಾಕಿನಲ್ಲಾದರೋ ಹೆಚ್ಚಿನ ಒತ್ತಡವನ್ನು ಹೇಗೂ ಕಳೆಯಲೇಬೇಕು.

ರೈತ ಬಾಂಧವರು ಅಂಗಡಿಗೆ ಹೋಗುವ ಮುನ್ನ ತಾಕಿನ ಡ್ರಿಪ್ಪರುಗಳನ್ನು ಎಣಿಸಿಕೊಳ್ಳಲಿ. ಅಂಗುಲದ ಲೆಕ್ಕದ ಜೊತೆಗೆ ತಯಾರಕರ ಹರಿವಿನ ಪಟ್ಟಿಯನ್ನೂ ಕೇಳಿ ಪಡೆಯಲಿ. ವಾಲ್ವಿನ ಮುಂದೆ ಒಂದು ಒತ್ತಡ ಮಾಪಕವನ್ನು ಕೂಡಿಸಿದರೆ ಊಹೆಗೆ ಎಡೆಯಿರುವುದಿಲ್ಲ.