ಖಾತರಿಗೂ ಗಡಿಯುಂಟೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬುದು ನಮ್ಮ ಹಿರಿಯರ ನುಡಿ. ಒಮ್ಮೆ ಆಡಿದ ಮಾತನ್ನು ಹಿಂದೆಗೆದುಕೊಳ್ಳಲಾಗದು ಎಂಬುದೇ ಇದರ ತಾತ್ಪರ್ಯ. ಸಂತೆಯಲ್ಲಿ ಎತ್ತನ್ನು ಮಾರುವ ರೈತನು "ಹಲ್ಲು ಸರಿಯಿದೆ, ಹೆಗಲು ಸರಿಯಿದೆ, ಉಳುಮೆಗೆ ಮೋಸವಿಲ್ಲ" ಎಂದು ಹೇಳಿ ಹಗ್ಗವನ್ನು ಕೈಗೆ ಕೊಡುತ್ತಾನೆ. ಆ ಮಾತು ಎತ್ತಿನ ಸಂಗಡವೇ ಕೊಂಡವನ ಊರಿಗೆ ಹೋಗುವುದು. ಎತ್ತು ಹೊಳೆ ದಾಟಿ ಆಚೆಯ ತಾಲ್ಲೂಕಿಗೆ ಹೋಯಿತೆಂದ ಮಾತ್ರಕ್ಕೆ ಮಾತು ಈಚೆಯ ದಂಡೆಯಲ್ಲಿ ನಿಂತುಬಿಡುವುದಿಲ್ಲ. ಇಂದಿನ ಯಂತ್ರಯುಗದಲ್ಲಿ ಆ ಬಾಯಿಮಾತು ಅಚ್ಚಾದ ಪುಸ್ತಿಕೆಯ ರೂಪವನ್ನು ತಾಳಿದೆ. ಅದಕ್ಕೆ 'ವಾರಂಟಿ' ಎಂಬ ಹೆಸರು ಬಂದಿದೆ. ಒಂದು ದೇಶದಲ್ಲಿ ಕೊಂಡ ಕಾರನ್ನು ನೆರೆಯ ದೇಶಕ್ಕೆ ಒಯ್ದಾಗ ಈ ವಾರಂಟಿಯೂ ಅದರ ಸಂಗಡ ಹೋಗಬೇಕೇ ಬೇಡವೇ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಕಲಾಶಾಲೆಯ ವಿದ್ಯಾರ್ಥಿಗೆ ಮೋಟಾರು ಕಾರಿನ ಗೊಡವೆ ಏಕೆ, ಅದೂ ಪರದೇಶದ್ದು, ಎಂದು ಕೆಲವು ಮಿತ್ರರು ನಗಬಹುದು. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಮುಕ್ತ ವ್ಯಾಪಾರವೆಂದರೇನೆಂದು ಓದುತ್ತೇವೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಗಡಿ, ಸಾರ್ವಭೌಮತ್ವ ಎಂದು ಓದುತ್ತೇವೆ. ಈ ಎರಡು ಪಾಠಗಳೂ ಒಬ್ಬ ಸಾಮಾನ್ಯ ಗ್ರಾಹಕನ ಜೇಬಿನಲ್ಲಿ ಸಂಧಿಸುವ ಸ್ಥಳ ಇದು. ಆದುದರಿಂದ ವಿಷಯ ನಮಗೆ ಹೊರಗಿನದೇನೂ ಅಲ್ಲ.

ಮೊದಲು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಜನರು ಇವನ್ನು ಒಂದಕ್ಕೊಂದು ಬೆರೆಸುವುದರಿಂದಲೇ ಅನೇಕ ಜಗಳಗಳು ಹುಟ್ಟುತ್ತವೆ. ಒಂದನೆಯದು, ಮಾರಿದ ಅಂಗಡಿಯವನ ಮೇಲೆ ಕಾನೂನೇ ಹೊರಿಸಿದ ಹೊಣೆ. ಎರಡನೆಯದು, ತಯಾರಿಸಿದ ಕಂಪನಿಯು ತಾನಾಗಿಯೇ ಕೊಟ್ಟ ವಾಗ್ದಾನ. ಇಷ್ಟು ವರ್ಷ ಅಥವಾ ಇಷ್ಟು ದೂರದೊಳಗೆ ಕೆಟ್ಟರೆ ದುಡ್ಡಿಲ್ಲದೆ ರಿಪೇರಿ ಮಾಡಿಕೊಡುವೆವು ಎಂಬ ಮಾತು. ವಾರಂಟಿಯೆಂದರೆ ಮುಖ್ಯವಾಗಿ ಇದೇ. ಮೂರನೆಯದು, ಪ್ರಾಣಕ್ಕೆ ಅಪಾಯ ತರುವ ದೋಷ ಕಂಡುಬಂದಾಗ ಅಂಥ ಕಾರುಗಳನ್ನೆಲ್ಲ ಕಂಪನಿಯು ಹಿಂದಕ್ಕೆ ಕರೆಸಿ ಸರಿಪಡಿಸುವ ಕ್ರಮ. ಇದಕ್ಕೆ 'ರೀಕಾಲ್' ಎನ್ನುವರು. ಮೊದಲನೆಯದನ್ನೂ ಮೂರನೆಯದನ್ನೂ ಕಾನೂನು ಕಾಯುತ್ತದೆ. ನಡುವಿನದು ಕಂಪನಿಯ ಮರ್ಜಿ. ಗಡಿಯಲ್ಲಿ ಮುಗ್ಗರಿಸುವುದೂ ಈ ನಡುವಿನದೇ.

ಇದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಇವೆರಡರ ನಡುವಿನ ಗಡಿಯ ಉದ್ದ 8,891 ಕಿಲೋಮೀಟರು. ಡೆಟ್ರಾಯಿಟ್ ಪಟ್ಟಣಕ್ಕೂ ಕೆನಡದ ವಿಂಡ್ಸರ್ ಪಟ್ಟಣಕ್ಕೂ ನಡುವೆ ಒಂದು ನದಿ ಮಾತ್ರ. 1965ರಲ್ಲಿಯೇ ಈ ಎರಡು ದೇಶಗಳು ಮೋಟಾರು ಗಾಡಿಗಳ ಬಗ್ಗೆ ಒಂದು ಒಪ್ಪಂದವನ್ನು ಮಾಡಿಕೊಂಡು, ಕಾರು ಮತ್ತು ಬಿಡಿಭಾಗಗಳು ಕಾರ್ಖಾನೆಯಿಂದ ಕಾರ್ಖಾನೆಗೆ ಸುಂಕವಿಲ್ಲದೆ ಓಡಾಡುವಂತೆ ಮಾಡಿದವು. 1994ರಲ್ಲಿ ಮೆಕ್ಸಿಕೋ ದೇಶವೂ ಸೇರಿ ಮೂರು ದೇಶಗಳ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. 2020ರಲ್ಲಿ ಅದರ ಸ್ಥಾನಕ್ಕೆ ಹೊಸದೊಂದು ಬಂದಿತು. 2025ರಲ್ಲಿ ಅಮೆರಿಕ ಮತ್ತು ಕೆನಡಗಳು ಪರಸ್ಪರರ ಕಾರುಗಳ ಮೇಲೆ ಸುಂಕ ಹೇರಿ ಜಗಳವಾಡಿದ್ದೂ ಉಂಟು. ಅದೇನೇ ಇರಲಿ, ಒಂದೇ ಕಾರಿನ ಭಾಗಗಳು ಸಿದ್ಧವಾಗುವ ಮುನ್ನ ಹಲವು ಸಲ ಗಡಿ ದಾಟಿರುವುದು ಅಲ್ಲಿ ಸಾಮಾನ್ಯ ಸಂಗತಿ.

ಹೀಗಿರುವಲ್ಲಿ 2007ರ ಸೆಪ್ಟೆಂಬರಿನಲ್ಲಿ ಒಂದು ವಿಶೇಷ ನಡೆಯಿತು. 1976ರ ತರುವಾಯ ಮೊದಲ ಬಾರಿಗೆ ಕೆನಡದ ಡಾಲರು ಅಮೆರಿಕದ ಡಾಲರಿಗೆ ಸರಿಸಮನಾಯಿತು. ನವೆಂಬರಿನಲ್ಲಿ ಅದನ್ನೂ ಮೀರಿತು. ಆದರೆ ಕೆನಡದ ಅಂಗಡಿಗಳಲ್ಲಿ ಕಾರಿನ ಬೆಲೆ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಅದೇ ಕಾರು ಸೇತುವೆಯ ಆಚೆ ಸಾವಿರಾರು ಡಾಲರು ಅಗ್ಗ. ಜನರು ಆಚೆಗೆ ಹೋಗಿ ಕೊಳ್ಳತೊಡಗಿದರು. ಆಗ ಕೆಲವು ಕಂಪನಿಗಳು ಕೆನಡದವರಿಗೆ ಹೊಸ ಕಾರು ಮಾರಬಾರದೆಂದು ಅಮೆರಿಕದಲ್ಲಿನ ತಮ್ಮ ಮಾರಾಟಗಾರರಿಗೆ ಕಟ್ಟಪ್ಪಣೆ ಮಾಡಿದವು. ಹಾಗೂ ಕೊಂಡು ತಂದವರಿಗೆ "ನಿಮ್ಮ ವಾರಂಟಿ ಇಲ್ಲಿ ನಡೆಯದು" ಎಂದು ಹೇಳಿದವು. ಎಲ್ಲ ಕಂಪನಿಗಳೂ ಹೀಗೆ ಮಾಡಿದವೆಂದು ಹೇಳುವುದು ಅನ್ಯಾಯವಾದೀತು. ಎರಡೂ ಕಡೆ ವಾರಂಟಿಯನ್ನು ನಡೆಸಿಕೊಟ್ಟವೂ ಇದ್ದವು. ಅಂದಿಗೂ ಇಂದಿಗೂ ಇದು ಕಂಪನಿ ಕಂಪನಿಗೆ ಬೇರೆ.

ಹಾಗೆ ಕಾರನ್ನು ತರುವವನಿಗೆ ಸರ್ಕಾರವು ಇಡುವ ಪರೀಕ್ಷೆಗಳೇನೂ ಕಡಮೆಯಲ್ಲ. ಆ ಮಾದರಿಯು ಕೆನಡದ ಸಾರಿಗೆ ಇಲಾಖೆಯ ಪಟ್ಟಿಯಲ್ಲಿರಬೇಕು. ರೀಕಾಲ್ ಕೆಲಸಗಳೆಲ್ಲ ಮುಗಿದಿವೆಯೆಂದು ಕಾಗದ ತೋರಿಸಬೇಕು. ಹಗಲಿನಲ್ಲೂ ಉರಿಯುವ ಮುಂದೀಪಗಳು ಇರಬೇಕು. ಗಡಿ ದಾಟಿದ 45 ದಿನಗಳೊಳಗೆ ತಪಾಸಣೆಯಾಗಬೇಕು. ಕಾರಿನಲ್ಲಿ ತಂಪು ಗಾಳಿಯ ಯಂತ್ರವಿದ್ದರೆ ಅದಕ್ಕೆಂದೇ 100 ಡಾಲರು ತೆರಬೇಕು. ಇಷ್ಟನ್ನೂ ಮಾಡಿದವನಿಗೆ ಸರ್ಕಾರ "ಇದು ನಮ್ಮ ರಸ್ತೆಗೆ ಯೋಗ್ಯ" ಎಂದು ಮುದ್ರೆ ಒತ್ತುತ್ತದೆ. ಆದರೆ ವಾರಂಟಿಯ ಮಾತು ಬಂದಾಗ, ಅದು ನಿಮಗೂ ಕಂಪನಿಗೂ ಸೇರಿದ ವಿಷಯವೆಂದು ಕೈತೊಳೆದುಕೊಳ್ಳುತ್ತದೆ.

ಈಗ ಕಂಪನಿಗಳ ಪಕ್ಷವನ್ನೂ ಕೇಳೋಣ. ಅವರ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವುದು ವಿದ್ಯಾವಂತರ ಲಕ್ಷಣವಲ್ಲ. ವಾರಂಟಿಯ ಖರ್ಚು ಕಾರಿನ ಬೆಲೆಯಲ್ಲಿಯೇ ಅಡಗಿದೆ, ಆ ದೇಶದಲ್ಲಿ ಬೆಲೆ ಕೊಟ್ಟವನಿಗೆ ಈ ದೇಶದ ಶಾಖೆ ಏಕೆ ರಿಪೇರಿ ಮಾಡಬೇಕು ಎಂಬುದು ಅವರ ಮೊದಲನೆಯ ವಾದ. ಹವೆ ಬೇರೆ, ಚಳಿ ಬೇರೆ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನಿಂದ ಲೋಹ ತುಕ್ಕು ಹಿಡಿಯುತ್ತದೆ ಎಂಬುದು ಎರಡನೆಯದು. ವಾರಂಟಿಯ ಅಳತೆಯೇ ಬೇರೆ ಎಂಬುದು ಮೂರನೆಯದು. ಅಮೆರಿಕದಲ್ಲಿ ಸಾಮಾನ್ಯವಾಗಿ 3 ವರ್ಷ ಅಥವಾ 36,000 ಮೈಲಿ, ಕೆನಡದಲ್ಲಿ 3 ವರ್ಷ ಅಥವಾ 60,000 ಕಿಲೋಮೀಟರು.

ಮೂರನೆಯದನ್ನೇ ಮೊದಲು ನೋಡೋಣ. 36,000 ಮೈಲಿಯೆಂದರೆ ಸುಮಾರು 58,000 ಕಿಲೋಮೀಟರು. ಈ ಎರಡು ಸಾವಿರದ ಅಂತರವನ್ನು ಯಾವ ಗುಮಾಸ್ತನೂ ಲೆಕ್ಕ ಹಾಕಬಲ್ಲನು. ಅದಕ್ಕಾಗಿ ಇಡೀ ವಾಗ್ದಾನವನ್ನೇ ಮುರಿಯಬೇಕಾಗಿಲ್ಲ. ಇನ್ನು ಚಳಿಯ ಮಾತು. ಅಮೆರಿಕದ ಮಿನೆಸೋಟ ಪ್ರಾಂತದ ಚಳಿಗಾಲವು ಕೆನಡದ ವ್ಯಾಂಕೂವರ್ ಪಟ್ಟಣದ ಚಳಿಗಾಲಕ್ಕಿಂತ ಎಷ್ಟೋ ಕಠೋರ. ಆದರೂ ಫ್ಲಾರಿಡದ ಬಿಸಿಲಿನಲ್ಲಿ ಕೊಂಡ ಕಾರನ್ನು ಮಿನೆಸೋಟಕ್ಕೆ ಒಯ್ದರೆ ವಾರಂಟಿ ಉಳಿಯುವುದು, ವ್ಯಾಂಕೂವರಿಗೆ ಒಯ್ದರೆ ಹೋಗುವುದು! ಡೆಟ್ರಾಯಿಟಿನ ಬೀದಿಗೆ ಸುರಿದ ಉಪ್ಪಿಗೂ ವಿಂಡ್ಸರಿನ ಬೀದಿಗೆ ಸುರಿದ ಉಪ್ಪಿಗೂ ಏನು ಭೇದ? ಇದು ಹವೆಯ ಪ್ರಶ್ನೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು. ಅಲ್ಲದೆ ಅನೇಕ ಕಂಪನಿಗಳ ವಾರಂಟಿ ಪುಸ್ತಿಕೆಗಳಲ್ಲಿ, ಪ್ರವಾಸಕ್ಕೆಂದು ಗಡಿ ದಾಟಿದವನ ಕಾರು ಕೆಟ್ಟರೆ ಅಲ್ಲಿಯೇ ರಿಪೇರಿ ಮಾಡಿಕೊಡುವೆವೆಂದು ಬರೆದಿರುತ್ತದೆ. ಅಂದಮೇಲೆ ಕಾರ್ಯಾಗಾರಕ್ಕೆ ಶಕ್ತಿಯುಂಟು, ಬಿಡಿಭಾಗವೂ ಉಂಟು. ಅತಿಥಿಯಾಗಿ ಬಂದರೆ ರಿಪೇರಿ, ಮನೆ ಮಾಡಿಕೊಂಡು ನಿಂತರೆ ನಿರಾಕರಣೆ ಎಂಬುದು ಯಾವ ನ್ಯಾಯ?

ಉಳಿಯುವುದು ಮೊದಲನೆಯ ವಾದ ಒಂದೇ. ಅದರಲ್ಲಿ ಸತ್ಯಾಂಶವಿದೆ. ಆದರೆ ಎರಡು ಶಾಖೆಗಳ ನಡುವಿನ ಲೆಕ್ಕವನ್ನು ಆ ಶಾಖೆಗಳೇ ತೀರಿಸಿಕೊಳ್ಳಬೇಕಲ್ಲದೆ ಗ್ರಾಹಕನ ತಲೆಯ ಮೇಲೆ ಹೊರಿಸಬಾರದು. ಕಾರ್ಖಾನೆಯಲ್ಲಿ ಗೇರುಪೆಟ್ಟಿಗೆ ಸರಿಯಾಗಿ ಕೂಡಿರದಿದ್ದರೆ ಆ ದೋಷ ಹುಟ್ಟಿದ್ದು ಕಾರ್ಖಾನೆಯಲ್ಲಿ. ಗಡಿಯ ಚೌಕಿಯಲ್ಲಿ ಅಲ್ಲ. ಹಾಗಾದರೆ ವಾರಂಟಿಯನ್ನು ತಡೆಯುವುದರ ನಿಜವಾದ ಉದ್ದೇಶ ಒಂದೇ ವಸ್ತುವಿಗೆ ಎರಡು ದೇಶಗಳಲ್ಲಿ ಎರಡು ಬೆಲೆಗಳನ್ನು ಕಾಪಾಡಿಕೊಳ್ಳುವುದೇ ಎಂದು ನನಗೆ ತೋರುತ್ತದೆ. ಬಂಡವಾಳಕ್ಕೂ ಬಿಡಿಭಾಗಕ್ಕೂ ಗಡಿಯಿಲ್ಲ, ಗ್ರಾಹಕನಿಗೆ ಮಾತ್ರ ಗಡಿಯೆಂದರೆ ಅದನ್ನು ಮುಕ್ತ ವ್ಯಾಪಾರವೆಂದು ಕರೆಯಬಹುದೇ?

ಇದು ಬರಿಯ ಆದರ್ಶದ ಮಾತು, ನಡೆಯುವಂಥದಲ್ಲ ಎನ್ನುವವರು ಯೂರೋಪಿನ ಕಡೆಗೆ ನೋಡಬೇಕು. 1985ರಲ್ಲಿ ಯೂರೋಪಿನ ನ್ಯಾಯಾಲಯದ ಮುಂದೆ ಕೈಗಡಿಯಾರಗಳ ಒಂದು ವ್ಯಾಜ್ಯ ಬಂದಿತ್ತು. ಕಂಪನಿಯು ತನ್ನ ಅಧಿಕೃತ ವಿತರಕರ ಮೂಲಕ ಕೊಂಡವರಿಗೆ ಮಾತ್ರ ಖಾತರಿಯನ್ನು ಕೊಟ್ಟು, ನೆರೆದೇಶದಿಂದ ಬೇರೆ ದಾರಿಯಲ್ಲಿ ಬಂದ ಅದೇ ಗಡಿಯಾರಕ್ಕೆ ನಿರಾಕರಿಸುವುದು ಸ್ಪರ್ಧೆಗೆ ಅಡ್ಡಿಯೆಂದು ನ್ಯಾಯಾಲಯ ತೀರ್ಮಾನಿಸಿತು. ಅದೇ ಕಾಲದಲ್ಲಿ ಕಾರು ಮಾರಾಟಕ್ಕೆಂದು ಮಾಡಿದ ನಿಯಮಗಳೂ ಇದೇ ತತ್ತ್ವವನ್ನು ಒಪ್ಪಿದವು. ಸಮುದಾಯದ ಯಾವ ದೇಶದಲ್ಲಿ ಕೊಂಡ ಕಾರಾದರೂ ಬೇರೆ ಸದಸ್ಯ ದೇಶದ ಅಧಿಕೃತ ಕಾರ್ಯಾಗಾರವು ಅದರ ಖಾತರಿಯನ್ನು ನಡೆಸಿಕೊಡಬೇಕು.

ನಿಯಮವಿದ್ದರೆ ಸಾಲದು, ದಂಡವೂ ಬೇಕು. 1992ರಲ್ಲಿ ಇಟಲಿಯ ಲೀರಾ ನಾಣ್ಯದ ಬೆಲೆ ಕುಸಿಯಿತು. ಜರ್ಮನಿ ಆಸ್ಟ್ರಿಯಗಳ ಜನರಿಗೆ ಇಟಲಿಯ ಕಾರು ಅಗ್ಗವಾಯಿತು. ಆ ಜನರಿಗೆ ಮಾರದಂತೆ ಫೋಕ್ಸ್‌ವ್ಯಾಗನ್ ಕಂಪನಿಯು ಇಟಲಿಯ ಮಾರಾಟಗಾರರ ಮೇಲೆ ಒತ್ತಡ ತಂದಿತು. ಯೂರೋಪಿನ ಆಯೋಗವು 1998ರಲ್ಲಿ ಆ ಕಂಪನಿಗೆ 10 ಕೋಟಿ 20 ಲಕ್ಷ ಎಕ್ಯೂ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಅದು 9 ಕೋಟಿ ಯೂರೋಗೆ ಇಳಿಯಿತಾದರೂ ತಪ್ಪು ತಪ್ಪೆಂದೇ ಉಳಿಯಿತು. ಇಷ್ಟಾಗಿಯೂ ಯೂರೋಪಿನ ಕಾರು ಕಂಪನಿಗಳು ಮುಳುಗಿಹೋಗಲಿಲ್ಲ. ಕೆನಡ ಅಮೆರಿಕಗಳಲ್ಲಿ ಅಸಾಧ್ಯವೆನ್ನುವುದು ಅಲ್ಲಿ ನಿತ್ಯದ ವ್ಯವಹಾರವಾಗಿದೆ.

ಅಷ್ಟು ದೂರ ಏಕೆ? ನಮ್ಮ ಭಾರತವೇ ಯೂರೋಪಿನಷ್ಟು ವೈವಿಧ್ಯವುಳ್ಳ ನಾಡು. ಹುಬ್ಬಳ್ಳಿಯಲ್ಲಿ ಕೊಂಡ ಕಾರನ್ನು ಕೊಲ್ಲಾಪುರಕ್ಕೆ ಒಯ್ದು ಹನ್ನೆರಡು ತಿಂಗಳಿಗೂ ಮೀರಿ ಇರಿಸಿಕೊಂಡರೆ, 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಆದರೆ ಕಾರಿನ ವಾರಂಟಿಯನ್ನು ಅಲ್ಲಿ ಯಾರೂ ಪ್ರಶ್ನಿಸರು. ಸಂಖ್ಯೆಯ ಫಲಕ ಬದಲಾದೀತು, ಎಂಜಿನು ಬದಲಾಗದು ಎಂಬ ತಿಳಿವು ಇಲ್ಲಿಯ ಕಂಪನಿಗಳಿಗಿದೆ.

ಪರದೇಶದಿಂದ ಕಾರು ತರಿಸುವವರು ನಮ್ಮಲ್ಲಿ ವಿರಳ. ಸುಂಕ ಹೆಚ್ಚು, ಹಳೆಯ ಕಾರಾದರೆ ಮೂರು ವರ್ಷ ಮೀರಿರಬಾರದೆಂಬ ನಿಯಮವೂ ಉಂಟು. ಆದರೆ ಗಡಿ ದಾಟಿದ ವಸ್ತು ನಮ್ಮಂಥವರ ಮನೆಗೆ ಬೇರೆ ರೂಪದಲ್ಲಿ ಬರುತ್ತದೆ. ಕೊಲ್ಲಿ ದೇಶದಲ್ಲಿ ದುಡಿಯುವ ನಮ್ಮ ಮಾವನವರು ರಜೆಗೆ ಬಂದಾಗ ನಮ್ಮ ತಂದೆಗೆ ಒಂದು ಮೊಬೈಲನ್ನು ತಂದುಕೊಟ್ಟರು. ನಾಲ್ಕೇ ತಿಂಗಳಿಗೆ ಅದರ ಪರದೆ ಕಪ್ಪಾಯಿತು. ಜಿಲ್ಲಾ ಕೇಂದ್ರದಲ್ಲಿರುವ ಅದೇ ಕಂಪನಿಯ ರಿಪೇರಿ ಅಂಗಡಿಗೆ ಹೋದೆವು. "ಇದು ಇಲ್ಲಿಯ ಮಾಲಲ್ಲ, ವಾರಂಟಿ ಬರಲ್ಲ" ಎಂದರು. ಕಾಗದದ ಕೊನೆಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಂದು ಬರೆದೂ ಇತ್ತು. ನಾನು ಓದಿ ಹೇಳಿದೆ. ತಂದೆ ಅಂಗಡಿಯ ಫಲಕವನ್ನೂ ಕೈಯಲ್ಲಿದ್ದ ವಸ್ತುವನ್ನೂ ನೋಡಿ, "ಹೆಸ್ರು ಒಂದೇ ಐತಲ್ಲೋ ಮಗಾ, ಮಾತು ಯಾಕೆ ಎರಡು?" ಎಂದು ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯನ ಈ ಪ್ರಶ್ನೆಗೂ ಯೂರೋಪಿನ ನ್ಯಾಯಾಲಯ 1985ರಲ್ಲಿ ಎತ್ತಿಕೊಂಡ ಪ್ರಶ್ನೆಗೂ ಹೆಚ್ಚಿನ ಅಂತರವಿಲ್ಲ. ಒಂದೇ ಹೆಸರಿನಿಂದ ವಿಶ್ವಾಸ ಗಳಿಸಿ ಮಾರುವವರು, ಹೊಣೆಯ ಸಮಯಕ್ಕೆ "ಆ ಶಾಖೆ ಬೇರೆ, ಈ ಶಾಖೆ ಬೇರೆ" ಎನ್ನಬಾರದು.

ಹಾಗಾದರೆ ಆಗಬೇಕಾದುದೇನು? ನನ್ನ ಅಲ್ಪಮತಿಗೆ ತೋರಿದ ಮೂರು ಸೂಚನೆಗಳನ್ನು ಇಲ್ಲಿಡುತ್ತೇನೆ.

ಮೊದಲನೆಯದಾಗಿ, ವಾರಂಟಿಯು ದೇಶಕ್ಕಲ್ಲ, ವಸ್ತುವಿಗೆ ಅಂಟಿಕೊಂಡಿರಬೇಕು. 1981ರಿಂದ ಅಮೆರಿಕದಲ್ಲಿ ಪ್ರತಿ ಕಾರಿನ ಮೇಲೂ 17 ಅಕ್ಷರ-ಅಂಕಿಗಳ ಗುರುತು ಇರುತ್ತದೆ; ಎಲ್ಲಿ ತಯಾರಾಯಿತು, ಯಾವ ವರ್ಷದ ಮಾದರಿ ಎಂಬುದನ್ನು ಅದರಿಂದಲೇ ತಿಳಿಯಬಹುದು. ಇಷ್ಟು ಅನುಕೂಲವಿರುವಾಗ ಆ ಗುರುತಿನ ಮೇಲೆಯೇ ವಾರಂಟಿಯನ್ನು ನಡೆಸುವುದು ಕಷ್ಟವಲ್ಲ.

ಎರಡನೆಯದಾಗಿ, ನೆರೆಯ ದೇಶಗಳು ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಾಗ ಸುಂಕದ ಪಟ್ಟಿಯ ಸಂಗಡ ಖಾತರಿಗೂ ಒಂದು ಕಲಮನ್ನು ಸೇರಿಸಬೇಕು. ಕಾರ್ಖಾನೆಗಳಿಗೆ ಬಾಗಿಲು ತೆರೆಯುವ ಒಪ್ಪಂದವು ಗ್ರಾಹಕನಿಗೂ ಕಿಟಕಿಯನ್ನಾದರೂ ತೆರೆಯಲಿ.

ಮೂರನೆಯದಾಗಿ, ಅಲ್ಲಿಯವರೆಗೆ ವಾರಂಟಿಯ ಎಲ್ಲೆಯನ್ನು ಪುಸ್ತಿಕೆಯ ಮೊದಲ ಪುಟದಲ್ಲಿ, ದಪ್ಪ ಅಕ್ಷರಗಳಲ್ಲಿ, ಕೊಳ್ಳುವವನ ಭಾಷೆಯಲ್ಲಿ ಅಚ್ಚುಹಾಕಬೇಕು. ಖಾತರಿಯ ಷರತ್ತುಗಳು ಸುಲಭವಾಗಿ ತಿಳಿಯುವಂತಿರಬೇಕೆಂದು ಅಮೆರಿಕವು 1975ರಲ್ಲಿಯೇ ಕಾನೂನು ಮಾಡಿತು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯುಂಟು. ವಕೀಲರಿಲ್ಲದೆಯೇ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ಓದಲು ಬಾರದ ಭಾಷೆಯಲ್ಲಿ ಏನು ಬರೆದಿದೆಯೆಂದು ತಿಳಿಯದವನು ಏನೆಂದು ದೂರು ಕೊಟ್ಟಾನು? ಕನ್ನಡ ನಾಡಿನಲ್ಲಿ ಮಾರುವ ವಸ್ತುವಿನ ಖಾತರಿ ಕನ್ನಡದಲ್ಲಿರಲಿ ಎಂದು ಕೇಳುವುದು ಅಭಿಮಾನದ ಮಾತು ಮಾತ್ರವಲ್ಲ, ನ್ಯಾಯದ ಮಾತು.

ನಮ್ಮ ಕಾಲೇಜಿನಿಂದ ಹೊರಬಿದ್ದ ಕೆಲವರು ಮುಂದೆ ಕೆನಡ, ಜರ್ಮನಿಗಳಿಗೂ ಹೋಗಬಹುದು. ಅಲ್ಲಿ ಹಳೆಯದೋ ಹೊಸದೋ ಒಂದು ಕಾರನ್ನು ಕೊಳ್ಳಲೂಬಹುದು. ಅಂಥವರು ಅಗ್ಗವೆಂದು ಗಡಿ ದಾಟುವ ಮುನ್ನ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಲಿ; ಅಂಗಡಿಯವನ ಬಾಯಿಮಾತನ್ನು ನಂಬದಿರಲಿ. ಆದರೆ ನಮ್ಮಲ್ಲಿ ಹೆಚ್ಚಿನವರು ಇಲ್ಲಿಯೇ ಉಳಿಯುವೆವು. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲು ತುಳಿದವರು ನಮ್ಮಲ್ಲಿ ಅನೇಕರಿದ್ದೇವೆ. ನೆರೆಹೊರೆಯವರು ಪಂಪುಸೆಟ್ಟಿನ ಕಾಗದ, ಟ್ರ್ಯಾಕ್ಟರಿನ ಕಾಗದ, ವಿಮೆಯ ಕಾಗದಗಳನ್ನು ಹಿಡಿದು ನಮ್ಮ ಬಳಿಗೇ ಬರುವರು. ಅವರಿಗೆ ಕೊನೆಯ ಪುಟದ ಸಣ್ಣ ಅಕ್ಷರಗಳನ್ನೂ ಬಿಡದೆ, ಹಣ ಕೊಡುವ ಮುನ್ನವೇ ಓದಿ ಹೇಳುವುದು ನಾವು ಪಡೆದ ವಿದ್ಯೆಯ ಮೊದಲ ಋಣ. ಹಾಗೆ ಓದುವವರ ಸಂಖ್ಯೆ ಊರೂರಿನಲ್ಲಿ ಹೆಚ್ಚಿದರೆ, ಸಣ್ಣ ಅಕ್ಷರಗಳಲ್ಲಿ ಬರೆಯುವವರೂ ದಪ್ಪ ಅಕ್ಷರಗಳಲ್ಲಿ ಬರೆಯುವುದನ್ನು ಕಲಿಯಲೇಬೇಕಾಗುವುದು.